ಆಸ್ಪತ್ರೆಯ ಬಟ್ಟೆ ಒಗೆಯುವ ಲೋರ್ನಾ

ಅಮೆರಿಕದ ಓಹಾಯೋ ರಾಜ್ಯದ ಈ ಸಣ್ಣ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಫ್ ಲಾಂಡ್ರಿಯ ಹಿಂಬಾಗಿಲಲ್ಲಿ ಲೋರ್ನಾ ಪ್ರುಖ್ನಿಕ್ ಆಸ್ಪತ್ರೆಯಿಂದ ಬಂದ ಗಂಟುಗಳನ್ನು ಬಿಚ್ಚುತ್ತಿದ್ದಾರೆ. ರಕ್ತ ಅಂಟಿದ ಹೊದಿಕೆ ಒಂದು ಕಡೆ, ವಾಂತಿಯಾದ ದಿಂಬಿನ ಚೀಲ ಇನ್ನೊಂದು ಕಡೆ. ದಿನಕ್ಕೆ ಮೂರು ಟನ್ ಬಟ್ಟೆ, ಏಳೇ ಜನ. ಅರವತ್ತನಾಲ್ಕರ ಲೋರ್ನಾ ಎಡಗೈಯನ್ನು ಹೆಚ್ಚು ಬಳಸುವುದಿಲ್ಲ. "ಅದು ಸೋಮಾರಿ, ನನ್ನ ಗಂಡನ ಹಾಗೆ" ಎಂದು ನಗುತ್ತಾರೆ.

ಗಂಡ ಸ್ಟಾನ್‌ಗೆ ಹೃದಯದ ಕಾಯಿಲೆ ಇತ್ತು. ಹೆಂಡತಿಯ ಕೆಲಸದಿಂದ ಸಿಕ್ಕ ಆರೋಗ್ಯ ವಿಮೆಯೇ ಗತಿ. ಅವನೊಬ್ಬನ ದೆಸೆಯಿಂದ ಇಡೀ ಲಾಂಡ್ರಿಯ ವಿಮೆ ಕಂತು ಏರಿದಾಗ, ಆ ಸಂಸಾರವನ್ನು ಕೈಬಿಡಿ ಎಂದು ಮಾಲೀಕ ರೋಲಂಡ್ ಹಫ್‌ಗೆ ಹಲವರು ಹೇಳಿದ್ದರು. ಅವರು ಬಿಡಲಿಲ್ಲ. ಆಮೇಲೆ ಹೊಸ ಕಾನೂನು ಬಂತು. ಕಾಯಿಲೆಯ ನೆಪದಲ್ಲಿ ವಿಮೆ ಕಂಪನಿಗಳು ಯಾರನ್ನೂ ದೂರ ಇಡುವಂತಿಲ್ಲ, ಕಂತು ಏರಿಸುವಂತಿಲ್ಲ. ಸ್ಟಾನ್‌ಗೆ ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಏಳು ವರ್ಷ ಬದುಕಿದ.

ಆದರೆ ಕಂತು ಎಲ್ಲರಿಗೂ ವರ್ಷ ವರ್ಷ ಏರುತ್ತಲೇ ಹೋಯಿತು. ತಡೆಯಲಾರದೆ ರೋಲಂಡ್ ಲಾಂಡ್ರಿಯ ವಿಮೆ ನಿಲ್ಲಿಸಿದರು. ಸರ್ಕಾರದ ಸಹಾಯದಿಂದ ಲೋರ್ನಾ ತಾವೇ ವಿಮೆ ಕೊಂಡುಕೊಂಡರು. ಈ ಜನವರಿಯಲ್ಲಿ ಆ ಸಹಾಯಕ್ಕೆ ಸರ್ಕಾರ ಹೆಚ್ಚುವರಿಯಾಗಿ ಸೇರಿಸಿದ್ದ ಪಾಲು ನಿಂತಿತು. ಕಂತು ಒಂದು ಮನೆಯ ಬಾಡಿಗೆಯಷ್ಟಾಯಿತು. ಲೋರ್ನಾ ವಿಮೆ ಬಿಟ್ಟುಬಿಟ್ಟರು.

ಫೆಬ್ರವರಿಯ ಒಂದು ಬೆಳಿಗ್ಗೆ ಎದೆ ಹಿಂಡಿ, ಇಸ್ತ್ರಿ ಯಂತ್ರದ ಪಕ್ಕ ಕುಸಿದರು. ರೋಲಂಡ್ ಅವರನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗಿ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಿಸಿದರು. ಲೋರ್ನಾ ಇಳಿಯಲಿಲ್ಲ.

"ಇಳಿ ಮಾರಾಯ್ತಿ, ಸತ್ತು ಹೋಗ್ತೀಯ!"

"ಸತ್ರೆ ಮನೆ ಮಗಳಿಗೆ ಉಳಿಯುತ್ತೆ. ಒಳಗೆ ಹೋಗಿ ಬದುಕಿದ್ರೆ ಬಿಲ್ಲಿಗೇ ಮನೆ ಹೋಗುತ್ತೆ."

"ಬಿಲ್ ನಾನು ನೋಡ್ಕೋತೀನಿ."

"ನೀನಾ? ನಿನ್ನ ವಿಮೇನೇ ಬಿಟ್ಟಿದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ನೋವು ಇಳಿಯುವವರೆಗೂ ಇಬ್ಬರೂ ಹೀಟರ್ ಹಾಕಿಕೊಂಡು ಅಲ್ಲೇ ಕೂತರು. ಆಮೇಲೆ ಲಾಂಡ್ರಿಗೆ ಮರಳಿದರು. ಅಂದಿನಿಂದ ಲೋರ್ನಾ ಅವರ ಎಡಗೈಗೆ ಬಲವಿಲ್ಲ.

"ಕಾನೂನು ಕೆಟ್ಟದ್ದು ಅನ್ನಲ್ಲ," ಎನ್ನುತ್ತಾರೆ ರೋಲಂಡ್, ಯಂತ್ರದ ಕಡೆ ನೋಡುತ್ತ. "ಅದರಿಂದಲೇ ಸ್ಟಾನ್ ಉಳಿದಿದ್ದ. ಆದ್ರೆ ಹೊರೇನ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸ್ತಾ ಬಂದ್ರು. ಕಡೆಗೆ ಇವಳ ಎದೆ ಮೇಲೆ ಬಂದು ಕೂತಿತು."

ಲೋರ್ನಾ ಬಿಸಿ ಹಾಸುಬಟ್ಟೆಯನ್ನು ಬಲಗೈಯಲ್ಲಿ ಎಳೆದು, ಗದ್ದದಡಿ ಒತ್ತಿ ಹಿಡಿದು ಮಡಚುತ್ತಾರೆ. ಅಂಚಿಗೆ ಅಂಚು ಕೂಡುತ್ತದೆ.

ಏನು ಆಸೆ ಎಂದು ಕೇಳಿದರೆ ಇನ್ನೊಂದು ಹಾಸುಬಟ್ಟೆ ಎಳೆದುಕೊಳ್ಳುತ್ತಾರೆ.

"ನವೆಂಬರ್‌ಗೆ ಅರವತ್ತೈದು ತುಂಬುತ್ತೆ. ವಯಸ್ಸಾದವರಿಗೆ ಸರ್ಕಾರ ಕೊಡೋ ವಿಮೆ ಆಗ ಸಿಗುತ್ತೆ. ಅಲ್ಲೀವರೆಗೆ ಉಸಿರಾಡ್ತಿದ್ರೆ ಸಾಕು. ಬೇಗ ದೊಡ್ಡವಳಾಗ್ಬೇಕು ಅಂತ ಇಷ್ಟು ಆಸೆ ಪಟ್ಟಿದ್ದು ಹುಡುಗಿಯಾಗಿದ್ದಾಗ. ಅದು ಬಿಟ್ರೆ ಈಗಲೇ ನೋಡಿ."