ಕಿಡಿಯಣ್ಣ ಕಿತ್ತ ಮುಳ್ಳು

ಕಿಡಿಯಣ್ಣನಿಗೆ ಆ ಅಡ್ಡಹೆಸರು ಬಂದದ್ದು ಸಿಟ್ಟಿನಿಂದಲ್ಲ, ಕಸುಬಿನಿಂದ. ಪ್ರಾಯವನ್ನೆಲ್ಲ ಅವನು ಕಳೆದದ್ದು ಕಾರುಗಳ ಬಾನೆಟ್ಟಿನ ಕೆಳಗೆ. ಎಂಜಿನ್ನಿನೊಳಗೆ ಪೆಟ್ರೋಲು, ಗಾಳಿ ಬೆರೆತು ಕಾದಿರುವಾಗ ತಕ್ಕ ಗಳಿಗೆಗೆ ಕಿಡಿ ಹಾರಿಸುವುದೇ ಅವನ ವಿದ್ಯೆ. ಕಿಡಿ ಬೇಗ ಹಾರುತ್ತಿದೆಯೋ ತಡವಾಗಿಯೋ ಎಂಬುದನ್ನು ಬರೀ ಸದ್ದು ಕೇಳಿ ಹೇಳಿಬಿಡುತ್ತಿದ್ದ. "ಎಂಜಿನ್ ಪಿಸುಗುಟ್ಟಿದ್ರೂ ಕೇಳುತ್ತೆ ಇವರಿಗೆ, ನಾನು ಕೂಗಿದ್ರೆ ಮಾತ್ರ ಕೇಳಲ್ಲ" ಎಂದು ಹೆಂಡತಿ ಎಲ್ಲರೆದುರೂ ಅವನ ಕಾಲೆಳೆಯುತ್ತಿದ್ದಳು.

ಈಗ ಅಂಗಡಿ ಮುಚ್ಚಿದೆ. ಕಸುಬು ಮಗಳ ಕೈಗೆ ಹೋಗಿದೆ. ಅವಳು ದೊಡ್ಡ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್. ಅಷ್ಟೇ ಅಲ್ಲ, ಊರಾಚೆಯ ಗುಡ್ಡದ ದಾರಿಯಲ್ಲಿ ನಡೆಯುವ ಕಾರ್ ಸ್ಪರ್ಧೆಗೆ ಇದೇ ಮೊದಲ ಸಲ ಹೆಸರು ಕೊಟ್ಟಿದ್ದಳು. ಸ್ಪರ್ಧೆ ಈವತ್ತೇ ಮಧ್ಯಾಹ್ನ. ಬೆಳಗಿನಿಂದ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಂತಿರಲಿಲ್ಲ. ತಾಯಿ ಹೆಲ್ಮೆಟ್ಟನ್ನು ಆಗಲೇ ಎರಡು ಸಲ ಒರೆಸಿಟ್ಟಿದ್ದಳು.

ಅಭ್ಯಾಸಕ್ಕೆಂದು ಗುಡ್ಡಕ್ಕೆ ಹೋಗಿದ್ದ ಮಗಳು ಹಿಂದಿರುಗಿದವಳೇ ಕಾರಿನ ಬಾಗಿಲನ್ನು ಧಡಾರನೆ ಹಾಕಿದಳು.

"ಏರು ಬಂದ ಕೂಡ್ಲೇ ಜರ್ಕ್ ಹೊಡೀತಿದೆ ಅಪ್ಪಾ! ಸಮತಟ್ಟಲ್ಲಿ ಏನೂ ಇಲ್ಲ. ಆಕ್ಸಿಲರೇಟರ್ ಒತ್ತಿದ್ರೆ ಕುಂಟುತ್ತೆ."

ನಿನ್ನೆ ಸಂಜೆಯಿಂದ ಕಿಡಿಯಣ್ಣ ಗಂಟಲಲ್ಲೇ ಇಟ್ಟುಕೊಂಡಿದ್ದ ಸಂಗತಿಯೊಂದಿತ್ತು. ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮಗಳು ಎಂಜಿನ್ನಿನ ದೋಷ ಓದುವ ಅಂಗೈಯಗಲದ ರೀಡರನ್ನು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದಳು. "ಮೂರನೇ ಸಿಲಿಂಡರ್ ಕಿಡಿ ತಪ್ಪಿಸ್ತಿದೆ. ಕಾಯಿಲ್ ಹೋಗಿರಬೇಕು." ಕಿಡಿಯಣ್ಣನ ಕಾಲದ ಕಾರಿನಲ್ಲಿ ಒಂದೇ ಕಾಯಿಲ್, ಅದರ ಕಿಡಿಯನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚಲು ಬೇರೊಂದು ಡಬ್ಬಿ. ಈ ಕಾರಿನಲ್ಲಿ ಹಂಚುವ ಡಬ್ಬಿಯೇ ಇಲ್ಲ. ಕಿಡಿ ಹಾರಿಸುವ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಅದರದೇ ಪುಟ್ಟ ಕಾಯಿಲ್, ಬ್ಯಾಟರಿಯ ಹನ್ನೆರಡು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ ಕೆಳಗೆ ದಬ್ಬುತ್ತದೆ. ಯಾವಾಗ ದಬ್ಬಬೇಕೆಂದು ಕಂಪ್ಯೂಟರ್ ಹೇಳುತ್ತದೆ.

"ಮೂರರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ," ಎಂದು ಮಗಳು ಅದಲು ಬದಲು ಮಾಡಿದಳು. "ದೋಷ ಕಾಯಿಲ್ ಜೊತೆ ಹೊರಟ್ರೆ ಕಾಯಿಲ್ಲೇ ಕಳ್ಳ. ಅಲ್ಲೇ ಕೂತ್ರೆ ಬೇರೆ ಏನೋ. ಒಂದು ಸಲಕ್ಕೆ ಒಂದೇ ಬದಲು, ಅಲ್ವಾ ಅಪ್ಪಾ?"

ಅದು ಅವನೇ ಅವಳಿಗೆ ಕಲಿಸಿದ ಪಾಠ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಬದಲಿಸಿದವನಿಗೆ ಕಾರು ಸರಿಹೋದರೂ ಕಾರಣ ಗೊತ್ತಾಗುವುದಿಲ್ಲ ಎಂದು ಎಷ್ಟು ಸಲ ಹೇಳಿಕೊಟ್ಟಿದ್ದ! ಅಪ್ಪ, ಮಗಳು ಕಾರು ಹತ್ತಿ ಮನೆಯ ಹಿಂದಿನ ಏರುರಸ್ತೆಗೆ ನುಗ್ಗಿಸಿದರು. ಕಾರು ಮತ್ತೆ ಕುಂಟಿತು. ರೀಡರ್ ಈಗಲೂ ತೋರಿಸಿದ್ದು ಮೂರನ್ನೇ.

"ಹಾಗಾದ್ರೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್," ಎಂದಳು ಮಗಳು ಮನೆಗೆ ಬಂದು, ತೋಳು ಮಡಚುತ್ತ. "ಬಿಚ್ಚಿದ್ರೆ ಮಧ್ಯಾಹ್ನ ಆಗಿಹೋಗುತ್ತೆ. ಆಗಲಿ, ಬೇರೆ ದಾರಿ ಇಲ್ಲ."

ಸ್ಪ್ಯಾನರ್ ಬೋಲ್ಟಿಗೆ ತಾಗುವಷ್ಟರಲ್ಲಿ ಕಿಡಿಯಣ್ಣ ಬಾಯಿಬಿಟ್ಟ.

"ತಡಿ ಮಗಾ. ಇಂಜೆಕ್ಟರ್ ಅಲ್ಲ. ಪ್ಲಗ್ಗು."

"ಪ್ಲಗ್ ಹೊಸಾದು. ನಾನೇ ಹಾಕಿದ್ದು."

"ಹೊಸದೇ. ನಾನದನ್ನ ಕ್ಲೀನ್ ಮಾಡ್ದೆ."

ಮಗಳು ನಿಧಾನಕ್ಕೆ ತಿರುಗಿದಳು. "ಏನ್ ಮಾಡ್ದೆ?"

ನಡೆದದ್ದು ಇಷ್ಟು. ನಿನ್ನೆ ಅವಳು ಹೊರಗೆ ಹೋಗಿದ್ದಾಗ, ರೇಸಿಗೆ ಮೊದಲು ತನ್ನ ಕೈಯೂ ಒಂದಿಷ್ಟು ತಾಗಲಿ ಎಂಬ ಆಸೆಯಿಂದ ಅವನು ಬಾನೆಟ್ ಎತ್ತಿದ್ದ. ಪ್ಲಗ್ ಬಿಚ್ಚುವುದು, ಉಜ್ಜಿ ಹೊಳೆಯಿಸುವುದು, ಗರಗಸದ ಬ್ಲೇಡಿನ ತುಂಡು ತೂರಿಸಿ ಕಿಡಿ ದಾಟುವ ಸಂದು ನೋಡುವುದು ಅವನ ಕೈಗೆ ಉಸಿರಾಟದಷ್ಟು ರೂಢಿ. ಮೊದಲು ಕೈಗೆ ಸಿಕ್ಕಿದ್ದು ಮೂರನೆಯದು. ಕನ್ನಡಕವಿಲ್ಲದ ಕಣ್ಣಿಗೆ ಅದರ ನಡುವೆ ಸಣ್ಣ ಮುಳ್ಳಿನಂಥದೊಂದು ಎದ್ದು ನಿಂತಂತೆ ಕಂಡಿತು. ಅವನ ಕಾಲದ ಪ್ಲಗ್ಗಿನಲ್ಲಿ ಆ ಜಾಗದಲ್ಲಿರುತ್ತಿದ್ದುದು ದಪ್ಪ ಕಡ್ಡಿ. ಅದರ ಮೇಲೆ ಮುಳ್ಳು ಎದ್ದರೆ ಅದು ಮಸಿಯ ಕಿಟ್ಟವೇ. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದ. ಟಕ್ ಎಂದು ಹಾರಿತು. ಎರಡನೆಯದನ್ನು ಬಿಚ್ಚಿ ನೋಡಿದರೆ ಅಲ್ಲೂ ಅದೇ ಮುಳ್ಳು, ಅದೇ ಜಾಗದಲ್ಲಿ! ಕಿಟ್ಟ ಎಲ್ಲಾದರೂ ಇಷ್ಟು ಅಳೆದು ಕೂರುತ್ತದೆಯೇ? ತಾನು ಮುರಿದದ್ದು ಕಿಟ್ಟವನ್ನಲ್ಲ ಎಂದು ಹೊಳೆಯಿತು. ಎರಡನ್ನೂ ಮೊದಲಿನಂತೆ ಕೂರಿಸಿ ಕಾರು ಶುರುಮಾಡಿದ. ಎಂಜಿನ್ ನಿಂತಲ್ಲಿ ನೀಟಾಗಿಯೇ ಓಡಿತು. ಸದ್ಯ, ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬಾಯಿಬಿಟ್ಟರೆ ಮಗಳು ಇನ್ನು ಆ ಬಾನೆಟ್ ಮುಟ್ಟಲು ಬಿಡುವುದಿಲ್ಲ ಎಂಬ ಭಯವೂ ಇತ್ತು.

"ಅಪ್ಪಾ! ಅದು ಇರಿಡಿಯಮ್ ಮೊನೆ! ಕಿಡಿ ಹಾರೋದೇ ಅಲ್ಲಿಂದ!" ಮಗಳು ಹಣೆಗೆ ಕೈ ಹಚ್ಚಿದಳು. ಮರುಕ್ಷಣ ಅವಳ ಕಣ್ಣು ಅರಳಿತು. "ಅದಕ್ಕೇ! ಸಂದು ದೊಡ್ಡದಾಗಿದೆ. ಸುಮ್ನೆ ನಿಂತಾಗ ಕಿಡಿ ಹೇಗೋ ದಾಟುತ್ತೆ. ಏರಲ್ಲಿ ಒಳಗಿನ ಒತ್ತಡ ಹೆಚ್ಚಾಯ್ತು ಅಂದ್ರೆ ದಾಟಕ್ಕಾಗಲ್ಲ. ಸರಿಹೋಯ್ತಲ್ಲ ಲೆಕ್ಕ!"

"ನಾನೂ ರಾತ್ರಿಯೆಲ್ಲ ಅದೇ ಅಂದ್ಕೊಂಡೆ," ಎಂದ ಕಿಡಿಯಣ್ಣ, ತಲೆ ತಗ್ಗಿಸಿ.

"ಅಂದ್ಕೊಂಡವನು ಬೆಳಗ್ಗೆ ಬಾಯಿ ಬಿಡಬಾರದಿತ್ತಾ?"

"ಅವರನ್ನ ಬೈಯೋಕೆ ನಾಳೆ ಇಡೀ ದಿನ ಇದೆ," ಎನ್ನುತ್ತ ತಾಯಿ ಸ್ಕೂಟರಿನ ಕೀಲಿ ಹಿಡಿದು ಬಂದಳು. "ರೀ, ಹತ್ತಿ ಹಿಂದೆ. ಕನ್ನಡಕ ತಗೊಳ್ಳಿ, ಈ ಸಲನಾದ್ರೂ."

ಬಿಡಿಭಾಗದ ಅಂಗಡಿಯವನು ಕಥೆ ಕೇಳಿ ಬಿದ್ದು ಬಿದ್ದು ನಕ್ಕ. "ಕಿಡಿಯಣ್ಣ, ಜೊತೆಗೆ ಗರಗಸದ ಬ್ಲೇಡೂ ಕಟ್ಟಿ ಕೊಡ್ಲಾ?" ಎಂದ. ಕಿಡಿಯಣ್ಣ ಹೊಸ ಪ್ಲಗ್ಗುಗಳನ್ನು, ಮೊನೆ ಕಾಯುವ ರಟ್ಟಿನ ಕೊಳವೆಗಳ ಸಮೇತ, ಮೊಟ್ಟೆ ಒಯ್ಯುವವನ ಹಾಗೆ ಎದೆಗವಚಿಕೊಂಡ. ತಿರುವಿನಲ್ಲೆಲ್ಲ "ನಿಧಾನ ಕಣೇ, ನಿಧಾನ!" ಎಂದು ಹೆಂಡತಿಯ ಬೆನ್ನ ಹಿಂದೆ ಚೀರಿದ.

ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಬಿಸಿಯಲ್ಲಿ ತಿರುಗಿಸಿದರೆ ಅಲ್ಯೂಮಿನಿಯಮ್ಮಿನ ತಿರುಪುಗೆರೆಗಳು ಕಿತ್ತುಬರಬಹುದೆಂದು ಮಗಳು ಕಾದಿದ್ದಳು. ಒಂದೊಂದೇ ಹೊಸ ಪ್ಲಗ್ಗನ್ನು ಬರಿಗೈಯಿಂದ ಸುತ್ತಿಸಿ ತಿರುಪು ಸರಿಯಾಗಿ ಹಿಡಿಯಿತೆಂದು ನೋಡಿ, ಬಿಗಿಯಳೆಯುವ ಸ್ಪ್ಯಾನರಿನಿಂದ ತಿರುಗಿಸಿದಳು. ಬಿಗಿ ಸಾಕಾದಾಗ ಅದೇ ಕ್ಲಿಕ್ ಎನ್ನುತ್ತಿತ್ತು. ಜೀವಮಾನವೆಲ್ಲ ಮಣಿಕಟ್ಟಿನ ಅಂದಾಜನ್ನೇ ನಂಬಿದ್ದ ಕಿಡಿಯಣ್ಣ ಕಿವಿ ಹತ್ತಿರ ಒಡ್ಡಿದ. "ಇನ್ನೊಂದ್ಸಲ ಮಾಡು," ಎಂದ ಆಟಿಕೆ ಕಂಡ ಮಗುವಿನಂತೆ. ಕಾಯಿಲ್‌ಗಳನ್ನು ಮಾತ್ರ ಅವನೇ ಕೂರಿಸಿದ, ಒಂದೊಂದನ್ನೂ ತಳ ಮುಟ್ಟುವವರೆಗೆ ಒತ್ತಿ.

ಏರುರಸ್ತೆಯಲ್ಲಿ ಪರೀಕ್ಷಿಸಲು ಸಮಯ ಉಳಿದಿರಲಿಲ್ಲ. ನೆಟ್ಟಗೆ ಗುಡ್ಡಕ್ಕೇ.

ಕಿಡಿಯಣ್ಣ ಜನ ತುಂಬಿದ್ದ ಕಡೆ ನಿಲ್ಲಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಎಲ್ಲಕ್ಕಿಂತ ಕಡಿದಾದ ತಿರುವಿನ ಮೇಲೆ ಹೋಗಿ ನಿಂತ. ತಿರುವಿಗೆ ಬರುವವರೆಗೆ ಅಲ್ಲಿಗೆ ಕಾರು ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಒಂದು ಕಾರು ಹೋಯಿತು. ಇನ್ನೊಂದು ಹೋಯಿತು. ಆಮೇಲೆ ಕೆಳಗಿನಿಂದ ಅವನು ಗುರುತು ಹಿಡಿಯುವ ಸದ್ದು ಎದ್ದಿತು. ಕಣ್ಣು ಮುಚ್ಚಿದ. ಏರು ಹತ್ತಿತು, ಸದ್ದು ಬಿಗಿಯಾಯಿತು, ಕುಂಟುವ ಜಾಗ ಬಂತು, ದಾಟಿತು!

"ನಾಲ್ಕೂ! ನಾಲ್ಕೂ ಸಿಲಿಂಡರ್ ಕೆಲಸ ಮಾಡ್ತಿವೆ ಕಣೇ!" ಎಂದು ಕುಣಿದಾಡಿ ಹೆಂಡತಿಯ ಕೈಯಲ್ಲಿದ್ದ ಬಾಟಲಿಯ ನೀರನ್ನೆಲ್ಲ ಚೆಲ್ಲಿದ. ಕಾರು ತಿರುವಿನಲ್ಲಿ ಮಿಂಚಿ ಮರೆಯಾಯಿತು.

ಮಗಳು ಐದನೆಯವಳಾಗಿ ಮುಗಿಸಿದಳು. ಮೊದಲ ಸಲಕ್ಕೇ ಅಷ್ಟು ಮೇಲಿನ ಜಾಗವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಧೂಳು ಮೆತ್ತಿದ ಮುಖದಲ್ಲಿ ಓಡಿಬಂದವಳು ಬಿಗಿಯಳೆಯುವ ಸ್ಪ್ಯಾನರನ್ನು ತೆಗೆದು ಅಪ್ಪನ ಕೈಗಿತ್ತಳು.

"ಮುಂದಿನ ರೇಸಿಗೆ ಪ್ಲಗ್ ನೀನೇ ಹಾಕು. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಕನ್ನಡಕ ನಾನು ಹಿಡ್ಕೊಂಡಿರ್ತೀನಿ," ಎಂದಳು ಹೆಂಡತಿ.

ಕಿಡಿಯಣ್ಣನಿಗೆ ಅದು ಕೇಳಿಸಲಿಲ್ಲ. ಅವನು ಸ್ಪ್ಯಾನರಿನ ಹಿಡಿಯ ಮೇಲಿನ ಅಂಕಿಗಳನ್ನು, ಕಣ್ಣು ಕಿರಿದು ಮಾಡಿಕೊಂಡು, ಓದತೊಡಗಿದ್ದ.