ಅಣ್ಣನ ಆರ್ಗನ್ನಿನ ಹಿಂದೆ

ಮೈಸೂರಿಗೆ ಬಂದ ಮರುದಿನವೇ ಅಣ್ಣ ನನ್ನನ್ನು ಚರ್ಚಿನೊಳಗಿನ ದೊಡ್ಡ ಮರದ ಗೋಡೆಯೊಂದರ ಹಿಂದೆ ನಿಲ್ಲಿಸಿ, ಉದ್ದನೆಯ ಹಿಡಿಕೆಯೊಂದನ್ನು ಕೈಗೆ ಕೊಟ್ಟು, "ಒತ್ತಕೋತ ಇರವಾ" ಎಂದು ಮಾಯವಾದ. ಒತ್ತಿದೆ. ಗೋಡೆ ಉಸಿರೆಳೆಯಿತು. ಮರುಗಳಿಗೆ ಅದು ಹಾಡತೊಡಗಿತು. ಹಾಡು ಕಾಲಡಿಯ ಹಲಗೆಯಿಂದ ಏರಿ ನನ್ನ ಪಕ್ಕೆಲುಬುಗಳಲ್ಲಿ ತುಂಬಿತು.

ಅದು ಪೈಪ್ ಆರ್ಗನ್. ನಮ್ಮ ಬೆಟಗೇರಿಯ ಪ್ರಾರ್ಥನೆಯ ಹಾರ್ಮೋನಿಯಂ ಆನೆಯಷ್ಟು ಬೆಳೆದರೆ ಹೇಗೋ ಹಾಗೆ. ಮುಂದೆ ಕೂತವನು ಬೆರಳು, ಪಾದ ಎರಡರಿಂದಲೂ ನುಡಿಸುತ್ತಾನೆ. ಹಿಂದೆ ನಿಂತವಳು ತಿದಿ ಒತ್ತಿ ಗಾಳಿ ತುಂಬಬೇಕು. ದಾರಕ್ಕೆ ಕಟ್ಟಿದ ಸೀಸದ ಗುಂಡೊಂದು ನನ್ನ ಕಣ್ಣೆದುರು ತೂಗುತ್ತಿತ್ತು. ಗಾಳಿ ತುಂಬಿದರೆ ಅದು ಕೆಳಗಿಳಿಯುತ್ತದೆ, ತೀರುತ್ತ ಬಂದರೆ ಮೇಲೇರುತ್ತದೆ. ನುಡಿಸುವವನಿಗೆ ಗುಂಡೂ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ. ಹಿಂದಿರುವವಳನ್ನು ನಂಬಿ ಬೆರಳಿಡಬೇಕು.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿತ್ತು. ಅಣ್ಣ ಸತ್ಯದಾಸ ಯೂನಿವರ್ಸಿಟಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುತ್ತಿದ್ದ, ಊರೂರಿಗೆ ಹೋಗಿ ಕಚೇರಿ ಕೊಡುತ್ತಿದ್ದ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವಳು. ಅವನ ಮನೆ ನೋಡಿಕೊಳ್ಳಲು ಬಂದೆ.

ದೇವರಾಜ ಮೊಹಲ್ಲಾದ ನಂಜಮ್ಮನವರ ಹಿತ್ತಲಿನ ಕೋಣೆಗಳಲ್ಲಿ ನಮ್ಮ ಬಾಡಿಗೆ ಸಂಸಾರ. ನಾನು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಅವರು ಓಡಿಬಂದರು.

"ಏನ್ ಕಣಮ್ಮ, ಒಲೆ ಮುಂದೆ ಕೂತ್ಕಂಡು ಬಟ್ಟೆ ಒಗೀತಾ ಇದ್ದೀಯಾ?"

ಮಧ್ಯಾಹ್ನ ಅವರೇ ರಾಗಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ನಾನು ಅಗಿಯುವುದನ್ನು ನೋಡಿ ನಕ್ಕು ನಕ್ಕು ಸುಸ್ತಾದರು. "ಅಯ್ಯೋ, ಅಗೀಬ್ಯಾಡ ಕಣೇ, ನುಂಗ್ಬುಡು! ಹಲ್ಲಿಗ್ ಏನ್ ಕೆಲ್ಸ ಅದ್ರಲ್ಲಿ?"

ಬೆಟಗೇರಿಯ ಶಾಂತವ್ವ ಇಲ್ಲಿ ಶಾಂತಮ್ಮ ಆದಳು. ಅಲ್ಲಿ ಓಣಿ ತುಂಬ ಮಗ್ಗದ ಲಟಪಟ. ಇಲ್ಲಿನ ಮಧ್ಯಾಹ್ನಗಳಲ್ಲಿ ಟಾಂಗಾ ಕುದುರೆಯೂ ನಿದ್ದೆಗಣ್ಣಿನಲ್ಲಿ ನಡೆಯುತ್ತಿತ್ತು. ಒಂಟಿತನ ಕಾಡಿದಾಗ ಅಣ್ಣನ ಜೊತೆ ಚರ್ಚಿಗೆ ಹೋಗುತ್ತಿದ್ದೆ. ಬಣ್ಣದ ಗಾಜಿನಿಂದ ಇಳಿದ ಬೆಳಕಲ್ಲಿ ಧೂಳು ತೇಲುತ್ತಿತ್ತು. ಹಿಡಿಕೆ ಏರಿಳಿಯುವಾಗ, ಅರ್ಧ ಕನಸಿನಲ್ಲಿ, ನಾನು ಬೆಟಗೇರಿಯಲ್ಲೇ ಕೂತು ಸೀರೆ ನೇಯುತ್ತಿದ್ದೆ. ಆ ಸೀರೆ ಅಣ್ಣನ ಬೆರಳುಗಳಿಂದ ಹೊರಬರುತ್ತಿತ್ತು.

ಒಮ್ಮೆ ಅಭ್ಯಾಸದ ವೇಳೆ ಒಂದು ಸ್ವರ ಸಿಕ್ಕಿಕೊಂಡು, ಅಣ್ಣ ಬೆರಳೆತ್ತಿದರೂ ಕೂಗುತ್ತಲೇ ಇತ್ತು. ನನ್ನ ಕೈ ತಟ್ಟನೆ ನಿಂತಿತು. ಎಳೆ ಹರಿದರೆ ನೇಕಾರರ ಕೈಕಾಲು ಯಾರೂ ಹೇಳದೆಯೇ ನಿಲ್ಲುತ್ತವೆ, ಬೆಟಗೇರಿಯವರಾದ ನಿಮಗೆ ಗೊತ್ತಲ್ಲ. ಇಲ್ಲದಿದ್ದರೆ ಬಟ್ಟೆ ಕೆಡುತ್ತದೆ. ಆರ್ಗನ್ ಮುಲುಗಿ ಸುಮ್ಮನಾಯಿತು.

"ಖರೇ ನೇಕಾರ್ತಿ ನೋಡು ನೀ!" ಅಣ್ಣ ನಕ್ಕ. "ಸ್ವರ ಸಿಕ್ಕರ ನಾ ನೋಡ್ಕೋತೀನಿ. ನೀ ಮಾತ್ರ ಗಾಳಿ ಬಿಡಬ್ಯಾಡ."

ಕೆಲವು ವರ್ಷಗಳ ಮೇಲೆ ವಿಲಾಯಿತಿಯ ದೊಡ್ಡ ವಾದಕರೊಬ್ಬರು ಅಣ್ಣನ ಕಚೇರಿ ಕೇಳಲು ಬಂದರು. ಮೆಚ್ಚಿದರೆ ತಮ್ಮ ದೇಶಕ್ಕೆ ಕರೆಸಿಕೊಳ್ಳುವವರಿದ್ದರು. ಅಂದು ಬೆಳಿಗ್ಗೆ ಅಣ್ಣ ತಟ್ಟೆ ನೋಡುತ್ತ ಕೇಳಿದ: "ನಾ ಹೋದ್ರ ನೀ ಬೆಟಗೇರಿಗೆ ಹೋಗ್ತಿಯಲ್ಲವಾ?"

"ಹೂಂ" ಎಂದೆ.

ಅಷ್ಟು ವರ್ಷಗಳಲ್ಲಿ ನನಗೆ ಮುದ್ದೆ ನುಂಗಲು ಬಂದಿತ್ತು. ನಂಜಮ್ಮನವರು ಅಕ್ಕನಂತಾಗಿದ್ದರು. ಈ ಊರಲ್ಲಿ ನನಗೊಂದು ಜಾಗವಿತ್ತು, ಆ ಗೋಡೆಯ ಹಿಂದೆ. ಅವನು ಹೋದರೆ ಅದೂ ಹೋಗುತ್ತಿತ್ತು.

ಕಚೇರಿಯ ನಡುವೆ, ರಾಗ ತೀರ ಎತ್ತರಕ್ಕೆ ಏರಿದ್ದಾಗ, ಸೀಸದ ಗುಂಡೂ ಏರತೊಡಗಿತು. ನೋಡುತ್ತ ನಿಂತೆ. ಒತ್ತಲಿಲ್ಲ. ಸ್ವರಗಳು ಬಾಗಿದವು, ನರಳಿದವು, ನಿಂತವು.

ಅಣ್ಣ ಹಿಂದಕ್ಕೆ ಓಡಿಬಂದ. "ಏನಾತವಾ?"

"ಸ್ವರ ಸಿಕ್ಕಂಗ ಕೇಳ್ತಣ್ಣ. ಕೈ ನಿಂತ್ವು."

ಅವನು ನಂಬಿದ. ಹೋಗಿ ಮತ್ತೆ ನುಡಿಸಿದ. ಈ ಸಲ ಭುಜ ಸೋಲುವಷ್ಟು ಒತ್ತಿದೆ. ಆದರೆ ಅವನ ಬೆರಳುಗಳು ಒಂದೊಂದು ಸ್ವರಕ್ಕೂ ಅಪ್ಪಣೆ ಕೇಳುತ್ತಿದ್ದವು. ಅತಿಥಿಗಳು ಕೈಕುಲುಕಿ ಹೋದರು. ಕರೆ ಬರಲಿಲ್ಲ.

ಅಣ್ಣ ಇಲ್ಲೇ ಮೇಷ್ಟ್ರಾಗಿ ಉಳಿದ. ಮನೆಗೆ ಬಂದ ಶಿಷ್ಯರಿಗೆ ನಾನು ಕಾಫಿ ಕೊಡುವಾಗಲೆಲ್ಲ ಹೇಳುತ್ತಿದ್ದ: "ವಿಲಾಯಿತಿ ಸಾಹೇಬ್ರ ಮುಂದ ಎಳಿ ಹರೀತು ಅಂತ ಮಗ್ಗ ನಿಲ್ಲಿಸಿದಾಕಿ ಇವಳೇ ನೋಡ್ರಪಾ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ಬೇಸಿಗೆಯಲ್ಲಿ ಬೆಟಗೇರಿಗೆ ಬಂದಾಗ ಚಿಕ್ಕಪ್ಪನ ಮನೆಯ ಮಗ್ಗಕ್ಕೆ ಆಸೆಯಿಂದ ಕೂತೆ. ಎಳೆ ಹರಿಯಿತು. ನನ್ನ ಕೈ ನಿಲ್ಲಲಿಲ್ಲ. ಗೇಣುದ್ದ ಬಟ್ಟೆ ಕೆಟ್ಟಿತು.

"ಮೈಸೂರಾಕಿ ಆಗಿಬಿಟ್ಟಿಯಲ್ಲವಾ!" ಚಿಕ್ಕಪ್ಪನ ಮಗಳು ಕೈತಟ್ಟಿ ನಕ್ಕಳು.

ಮೈಸೂರಿಗೆ ಮರಳಿದ ಸಂಜೆ ಅಣ್ಣ ಎಂದಿನ ತಮಾಷೆಗೆ ಕೇಳಿದ: "ಎಳಿ ಹರಿದ್ರ ಈಗೂ ಕೈ ನಿಂದರ್ತಾವೇನು?"

"ಇಲ್ಲಣ್ಣ. ಅವತ್ತೂ ಸ್ವರ ಸಿಕ್ಕಿರ್ಲಿಲ್ಲ ಕಣೋ. ನಾನೇ ನಿಲ್ಲಿಸ್ಬುಟ್ಟೆ."

ಅವನ ಲೋಟದ ಕಾಫಿ ತಣ್ಣಗಾಯಿತು. ಶಿಷ್ಯರಿಗೆ ಆ ಕಥೆಯನ್ನು ಅವನು ಮತ್ತೆ ಹೇಳಿಲ್ಲ.

ಯಾವಾಗ ಊರಿಗೆ ಬರ್ತಿ ಎಂದು ನೀವು ಕೇಳುತ್ತೀರಿ. ಆರ್ಗನ್ನಿಗೆ ಈಗ ಕರೆಂಟಿನ ಮೋಟಾರು ಹಾಕಿದ್ದಾರೆ. ಆದರೂ ಭಾನುವಾರ ನಾನು ಗೋಡೆಯ ಹಿಂದೆ ಹೋಗಿ ನಿಲ್ಲುತ್ತೇನೆ. ಮುಂದೆ ಅಣ್ಣ ನುಡಿಸುತ್ತಾನೆ. ಸೀಸದ ಗುಂಡು ಕೆಳಗೇ ಇರುತ್ತದೆ, ಅಲುಗುವುದಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಿರುತ್ತೇನೆ.