ಶಿವನಿ ಮದುವೆಯ ಕ್ಯಾಸೆಟ್ಟು

ಕಡೂರಿನ ಬಸ್ ಸ್ಟ್ಯಾಂಡ್ ಹಿಂದೆ ನಾವು ಮದುವೆ ವಿಡಿಯೋ ತೆಗೆಯುವ ಅಂಗಡಿ ಇಟ್ಟಾಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ಕ್ಯಾಮೆರಾ ಕೊಳ್ಳಲು ತವರಿನಿಂದ ಬಂದ ನನ್ನ ಬಳೆಗಳು ಹೋಗಿದ್ದವು. ಹಾಗಾಗಿ ಅದಕ್ಕೆ ಇನ್ಶೂರೆನ್ಸ್ ಮಾಡಿಸಲೇಬೇಕೆಂದು ಹಟ ಹಿಡಿದವಳೂ ನಾನೇ. ನಮ್ಮ ಯಜಮಾನರು ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು. ಮನುಷ್ಯ ಸತ್ತರೆ ಇನ್ಶೂರೆನ್ಸ್ ಬರುತ್ತದೆ, ಕ್ಯಾಮೆರಾ ಎಲ್ಲಾದರೂ ಸಾಯುತ್ತದೆಯೇ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಗುವವರು ನಗಲಿ ಎಂದು ಚಿಕ್ಕಮಗಳೂರಿಗೆ ಹೋಗಿ ಕಂತು ಕಟ್ಟಿ ಬಂದೆ.

ಮರುವರ್ಷ ಶಿವನಿಯಲ್ಲೊಂದು ಮದುವೆ. ಆಗ ಕ್ಯಾಸೆಟ್ಟು ಕ್ಯಾಮೆರಾದೊಳಗೆ ಇರುತ್ತಿರಲಿಲ್ಲ. ಹೆಗಲಿಗೆ ನೇತುಹಾಕಿಕೊಂಡ ರೆಕಾರ್ಡರಿನಲ್ಲಿ ಇರುತ್ತಿತ್ತು, ಎರಡಕ್ಕೂ ನಡುವೆ ಒಂದು ಕೇಬಲ್. ಮೈಕು ರೆಕಾರ್ಡರಿಗೇ ಸಿಕ್ಕಿಸಿರುತ್ತಿತ್ತು. ಮೆರವಣಿಗೆಯಲ್ಲಿ ಗಂಡಿನ ಮುಖ ತಪ್ಪಿಹೋಗಬಾರದೆಂದು ಅವನ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ ಯಜಮಾನರು, ಎತ್ತು ಬಿಚ್ಚಿ ನಿಲ್ಲಿಸಿದ್ದ ಗಾಡಿಯ ಮುಂದಕ್ಕೆ ಚಾಚಿದ್ದ ಮೂಕಿಮರಕ್ಕೆ ಎಡವಿ ಅಂಗಾತ ಬಿದ್ದರು. ಅವರ ಮೊಣಕೈ ತರಚಿತು. ಕ್ಯಾಮೆರಾ ಕಲ್ಲಿಗೆ ಬಡಿದು ಧೂಳಿನಲ್ಲಿ ಹೊರಳಿತು.

ಅದನ್ನು ಹಾಗೇ ಎತ್ತಿ ಅಂಗಡಿ ಹಿಂದಿನ ನಮ್ಮ ಮನೆಗೆ ತಂದರು. ಇನ್ಶೂರೆನ್ಸ್ ಕಂಪನಿಯವರು ಬಂದು ನೋಡುವವರೆಗೆ ಯಾರೂ ಮುಟ್ಟಬಾರದೆಂದು ಹೇಳಿ ನಾನು ಫೋನ್ ಮಾಡಲು ಪೋಸ್ಟಾಫೀಸಿಗೆ ಹೋದೆ. ನಮ್ಮತ್ತೆಗೆ ಮನಸ್ಸು ತಡೆಯಲಿಲ್ಲ. ಇದು ಶಿವನಿ ಜನರ ಕಣ್ಣು ತಾಗಿಯೇ ಆದದ್ದು ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಕ್ಯಾಮೆರಾ ಒರೆಸಿ, ವಿಭೂತಿ ಬಳಿದು, ಕೆಂಪು ನೀರಿನ ಆರತಿ ಎತ್ತಿದರು. ಆ ನೀರನ್ನು ಹಣೆಗೆ ಹಚ್ಚಬೇಕಲ್ಲ. ಕ್ಯಾಮೆರಾದ ಹಣೆ ಯಾವುದೆಂದು ತಿಳಿಯದೆ ಸುತ್ತಲೂ ಹಚ್ಚಿದರು.

ನಷ್ಟ ಪರೀಕ್ಷಿಸಲು ಕಂಪನಿ ಕಳಿಸಿದ ಸರ್ವೇಯರ್ ಬಂದು ಸ್ಕ್ರೂ ಬಿಚ್ಚಿದಾಗ ಒಳಗೆಲ್ಲ ಕೆಂಪು ನೀರು. ಮೆತ್ತಗೆ ಮಾತಾಡುವ ಮನುಷ್ಯ ಅವರು. ಬಿದ್ದು ಕೆಟ್ಟಿದ್ದರೆ ಕ್ಲೇಮ್ ಆಗುತ್ತದೆ, ಮನೆಯವರೇ ನೀರು ಹಾಕಿ ಕೆಡಿಸಿದ್ದರೆ ಆಗುವುದಿಲ್ಲ, ಇದು ಕೆಟ್ಟದ್ದು ಯಾವುದರಿಂದ ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ತರೀಕೆರೆಯ, ಅಜ್ಜಂಪುರದ ಮದುವೆಗಳನ್ನು ಒಪ್ಪಿಕೊಂಡಾಗಿತ್ತು. ಇನ್ನೊಂದು ಕ್ಯಾಮೆರಾ ಕೊಳ್ಳಲು ನನ್ನ ಕೈಯಲ್ಲಿ ಬಳೆ ಉಳಿದಿರಲಿಲ್ಲ. ಕ್ಲೇಮ್ ಹೋದರೆ ಅಂಗಡಿಗೆ ಬೀಗವೇ.

ನಮ್ಮತ್ತೆ ಬಾಗಿಲಲ್ಲೇ ಕುಸಿದು ಕೂತರು. "ನಿಮ್ ಅನ್ನಾನ ನಾನೇ ಕೈಯಾರೆ ಕಳ್ದೆ ಕಣವ್ವ" ಎಂದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದಿದ್ದೆ, ಆ ಮುಖ ನೋಡಲಾಗದೆ ಮೂಲೆಯಲ್ಲಿದ್ದ ರೆಕಾರ್ಡರಿನ ಕಡೆ ತಿರುಗಿದೆ.

ಆಗ ಹೊಳೆಯಿತು. ರೆಕಾರ್ಡರಿಗೆ ಏನೂ ಆಗಿರಲಿಲ್ಲ, ಕ್ಯಾಸೆಟ್ಟು ಅದರಲ್ಲೇ ಇತ್ತು. ಬೇಸರದಲ್ಲಿ ಅದನ್ನು ಯಾರೂ ಹಾಕಿ ನೋಡಿರಲಿಲ್ಲ. ಸರ್ವೇಯರನ್ನು ಕೂರಿಸಿ ಟಿವಿ ಹಚ್ಚಿದೆ. ರಸ್ತೆಯವರೂ ಬಂದು ಬಾಗಿಲಿಗೆ ಮುತ್ತಿದರು. ಮೊದಲು ನಗುತ್ತಿರುವ ಗಂಡು, ಆಮೇಲೆ ಆಕಾಶ, ಚಪ್ಪಲಿ ಕಾಲುಗಳು, ಒಂದು ಕಲ್ಲು. ಟಪ್ಪೆಂದು ಚಿತ್ರ ಹೋಗಿ ಬರೀ ಬಿಳಿ ಗೆರೆಗಳು ಓಡತೊಡಗಿದವು. ಓಲಗದ ಸದ್ದು ಮಾತ್ರ ಇನ್ನೂ ಕೇಳುತ್ತಿತ್ತು. ಅದರ ನಡುವೆ ನಮ್ಮ ಯಜಮಾನರ ಅಳುದನಿ:

"ಅಯ್ಯೋ, ಕ್ಯಾಮೆರಾ ಸತ್ತೋಯ್ತಲ್ಲಪ್ಪೋ."

ಇಡೀ ಅಂಗಡಿ ಗೊಳ್ಳೆಂದು ನಕ್ಕಿತು. ಯಜಮಾನರು ಗೋಡೆ ನೋಡುತ್ತಾ ನಿಂತರು. ಸರ್ವೇಯರ್ ಕರ್ಚೀಫು ಬಾಯಿಗೆ ಒತ್ತಿಕೊಂಡು ಇನ್ನೊಂದು ಸಲ ಹಾಕಿಸಿ ನೋಡಿದರು. ಬಿದ್ದ ಗಳಿಗೆಯಲ್ಲೇ ಕೆಟ್ಟಿದೆ, ಹಾಗೆಂದೇ ಬರೆದುಕೊಡುತ್ತೇನೆ ಎಂದರು.

"ಹಂಗಾರೆ ನಾನು ಕೆಡ್ಸಿಲ್ಲ" ಎಂದು ನಮ್ಮತ್ತೆ ಎದ್ದು ನಿಂತು, ಅವರಿಗೆ ಕಾಫಿ ಮಾಡಲು ಒಳಗೆ ಹೋದರು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಕ್ಲೇಮ್ ಪಾಸಾಯಿತು, ಹೊಸ ಕ್ಯಾಮೆರಾ ಬಂತು. ಒಪ್ಪಿಕೊಂಡ ಮದುವೆ ಒಂದೂ ತಪ್ಪಲಿಲ್ಲ. ಆ ಸೀಸನ್ ಮುಗಿದ ಮೇಲೆ ಅಂಗಡಿಗೆ ಹೊಸ ಬೋರ್ಡ್ ಬರೆಸಿದೆವು. ಮಾಲೀಕರ ಹೆಸರು ಏನು ಬರೆಯಲಿ ಎಂದು ಪೇಂಟರು ಯಜಮಾನರನ್ನು ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ಒಳಗಿನಿಂದ ನನ್ನ ಹೆಸರು ಕೂಗಿ ಹೇಳಿದರು.